ಹಿಂದಕ್ಕೆ ಓಡಿದ ಯುದ್ಧ

ಪಿಂಜಾರ ಲಾಡ್ಲೇಸಾಬ ನಕ್ಕರೆ ಹುಬ್ಬಿನಿಂದ ಹತ್ತಿ ಉದುರುತ್ತಿತ್ತು. ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ಅವನಿಂದ ಗಾದಿ ಮಾಡಿಸಿಕೊಳ್ಳದ ಮನೆ ಇರಲಿಲ್ಲ. ಅವನ ಗಾದಿಯ ಮೇಲೆ ಸುಖವಾಗಿ ಮಲಗಿದವರೂ ಇರಲಿಲ್ಲ. ಗಂಟು ಒತ್ತುತ್ತದೆ ಎಂದು ನಾನು ಬೈದರೆ, "ಗಾದಿ ಬರೊಬ್ಬರಿ ಅದ ಗುರುಬಾಯಕ್ಕ, ನಿನ್ನ ಬೆನ್ನೇ ಡೊಂಕ ಅದ" ಎನ್ನುತ್ತಿದ್ದ. ಸುಳ್ಳನ್ನು ಅಷ್ಟು ಮೆತ್ತಗೆ ತುಂಬುವ ಕೈ, ಹತ್ತಿ ತುಂಬುವಾಗ ಎಲ್ಲಿಗೆ ಹೋಗುತ್ತಿತ್ತೋ. ಹತ್ತಿ ಬಡಿಯುವ ಬಿಲ್ಲು ಮಾತ್ರ ಸದಾ ಹೆಗಲ ಮೇಲೆ. ಉಣ್ಣುವಾಗಲೂ ಇಳಿಸುತ್ತಿರಲಿಲ್ಲ.

ಊರಿಗೆ ಆಗಿನ್ನೂ ಟೀವಿ ಬಂದಿರಲಿಲ್ಲ. ಅವನಿಗೆ ಹತ್ತಿ ಕೊಡುವ ಆಳಂದದ ಸಾಹುಕಾರನ ಮನೆಯಲ್ಲಿ ಬಣ್ಣದ ಟೀವಿ, ವಿಡಿಯೋ ಎರಡೂ ಇದ್ದವು. ಲಾಡ್ಲೇಸಾಬ ಕಾಡಿಬೇಡಿ ಅವನ್ನು ಎರಡು ಗಾದಿಗಳ ನಡುವೆ ಮಲಗಿಸಿ, ಬಂಡಿಯ ಮೇಲೆ ಬಾಣಂತಿಯನ್ನು ತಂದ ಹಾಗೆ ತಂದ. "ಗಾಜಿಗೆ ಒಂದು ಗೀರು ಬಿದ್ರೂ ನನ್ನ ಅಂಗಳಕ್ಕ ಕಾಲಿಡಬ್ಯಾಡ" ಎಂದು ಸಾಹುಕಾರ ಹೇಳಿ ಕಳಿಸಿದ್ದನಂತೆ. ಆ ಅಂಗಳ ತಪ್ಪಿದರೆ ಹತ್ತಿಯಿಲ್ಲ. ಹತ್ತಿ ಇಲ್ಲದ ಮೇಲೆ ಬಿಲ್ಲು ಒಲೆಗೆ.

ದೇವರ ಸಿನಿಮಾ ತೋರಿಸುತ್ತೇನೆ ಎಂದು ಊರಿಗೆಲ್ಲ ಸಾರಿದ. ಮಧ್ಯಾಹ್ನ ನಮ್ಮ ಜೋಳದ ಕೋಣೆಯ ಕಿಟಕಿಗೆ ಗೋಣಿತಟ್ಟು ಬಡಿದು ಕತ್ತಲು ಮಾಡಿದೆವು. ಹೆಂಗಸರು ಮೈ ತೊಳೆದು, ವಿಭೂತಿ ಹಚ್ಚಿಕೊಂಡು, ಕಾಯಿ ಹಿಡಿದುಕೊಂಡು ಬಂದರು.

ಸಾಹುಕಾರನ ಮನೆಯವರು ಕ್ಯಾಸೆಟ್ಟು ಅದಲುಬದಲು ಮಾಡಿಬಿಟ್ಟಿದ್ದರು. ಬಂದದ್ದು ಜಪಾನಿನ ಕಾರ್ಟೂನು. ಬರೆದ ಚಿತ್ರಗಳೇ ಎದ್ದು ಹಾರಾಡುತ್ತಿದ್ದವು. ಮಾತು ಒಂದೂ ತಿಳಿಯದು.

"ಇದ್ಯಾವ ದೇವರಲೇ ಸಾಬಾ?" ಎಂದು ನನ್ನ ಅತ್ತೆ ಕೇಳಿದಳು.

ಆಕಾಶದಿಂದ ನೀಲಿ ಮೈಯವನೊಬ್ಬ ಇಳಿಯುತ್ತಿದ್ದ. ಲಾಡ್ಲೇಸಾಬ ಹೆಗಲ ಮೇಲಿನ ಬಿಲ್ಲು ಸರಿಮಾಡಿಕೊಂಡ. "ಮೈ ನೀಲಿ ಅದ, ಕೈ ನಾಕ ಅವ. ಇನ್ನ ಹೆಸರ ಬ್ಯಾರೆ ಹೇಳ್ಬೇಕೇನ್ ಯವ್ವಾ?"

ಅತ್ತೆ ಅಲ್ಲೇ ಕಾಯಿ ಒಡೆದಳು. ಕ್ಯಾಲೆಂಡರಿನಲ್ಲಿ ನೀಲಿ ಇದ್ದವರೆಲ್ಲ ದೇವರೇ ಅಲ್ಲವೆ? ಎದುರಾಳಿ ಒಬ್ಬ ಸಣಕಲ. ಬೆನ್ನಿಗೆ ಕೆಂಪು ಶಾಲು, ಮುಖಕ್ಕೆ ಬಟ್ಟೆ, ತಲೆಗೂದಲು ಕೊಯ್ದ ಜೋಳದ ಕೂಳೆ. "ಮಾರಿ ಮುಚ್ಚಿಕೊಂಡವ ಕಳ್ಳನೇ, ಇದರಾಗ ಕೇಳೂದೇನದ" ಎಂದಳು ನನ್ನ ನೆಗೆಣ್ಣಿ. ನೀಲಿಯವನು ಊರಿಗೆ ಊರೇ ತುಳಿಯುತ್ತಿದ್ದ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ದೇವರು ತುಳಿದ ಮೇಲೆ ತಪ್ಪು ಆ ಊರಿನದೇ ಇರಬೇಕು.

ಕೊನೆಯ ಯುದ್ಧ ಬಂತು. ಸುಳ್ಳೇಕೆ ಹೇಳಲಿ, ಚೆಂದವಿತ್ತು. ಕುಸುಬೆ ಹೂವಿನ ಬಣ್ಣದ ಬೆಂಕಿ, ಹಪ್ಪಳದಂತೆ ಮುರಿಯುವ ಗುಡ್ಡಗಳು, ಒಂದೊಂದು ಏಟಿಗೆ ಆಕಾಶ ಒಂದೊಂದು ಬಣ್ಣ. ನಮ್ಮಲ್ಲಿ ಜಗಳವೆಂದರೆ ಬದುವಿನ ಮೇಲೆ ನಿಂತು ಬೈಯುವುದು. ಅಜ್ಜ ಶುರುಮಾಡಿದ್ದನ್ನು ಮೊಮ್ಮಗನೂ ಮುಗಿಸುವುದಿಲ್ಲ. ಇಲ್ಲಿ ಏಟಿಗೊಂದು ತೀರ್ಮಾನ. ಒಲೆಯ ಮೇಲಿಟ್ಟು ಬಂದ ಬೇಳೆ ಯಾರಿಗೂ ನೆನಪಿರಲಿಲ್ಲ.

ಆಗ ಆ ಮಾರಿ ಮುಚ್ಚಿಕೊಂಡ ಕಳ್ಳ ನೀಲಿಯವನ ಎದೆಗೆ ಗುದ್ದಿದ. ನಾಲ್ಕೂ ಕೈ ಚೆಲ್ಲಿ ದೇವರು ಬಿದ್ದ.

"ದೇವರಿಗೇ ಹೊಡದನಲ್ಲೋ ಹಲ್ಕಟ್!" ಎಂದು ಯಾರೋ ಕೂಗಿದರು. ಕೋಣೆಯೆಲ್ಲ ಎದ್ದಿತು. ಕೈಗೆ ಚಪ್ಪಲಿ ಬಂದವು, ಕಲ್ಲು ಬಂದವು. ಅತ್ತೆ ಪ್ರಸಾದದ ಕಾಯಿಹೋಳನ್ನೇ ಎತ್ತಿದಳು.

ಲಾಡ್ಲೇಸಾಬ ಗಾಜಿಗೆ ಬೆನ್ನು ಕೊಟ್ಟು, ತೋಳು ಚಾಚಿ ನಿಂತ. "ನಿಂದರ್ರಿ! ಯುದ್ಧ ಇನ್ನೂ ಮುಗದಿಲ್ರಿ!"

"ಸತ್ತಾನಲ್ಲೋ!"

"ದೇವರು ಸಾಯ್ತಾನೇನ್ರಿ? ಮಂದಿ ಭಕ್ತಿ ನೋಡಾಕತ್ತಾನ!"

ಹಾಗೆನ್ನುತ್ತಲೇ ಬೆನ್ನ ಹಿಂದೆ ಕೈ ಹಾಕಿ ಯಾವುದೋ ಗುಂಡಿ ಒತ್ತಿದ. ಚಿತ್ರ ಹಿಂದಕ್ಕೆ ಓಡಿತು. ಬಿದ್ದವನು ಎದ್ದ. ಕಳ್ಳನ ಗುದ್ದು ಕಳ್ಳನ ಹೆಗಲಿಗೇ ವಾಪಸು ಹೋಯಿತು. ಮುರಿದ ಗುಡ್ಡಗಳು ಕೂಡಿಕೊಂಡವು. ತುಳಿದ ಊರುಗಳು ದೇವರ ಪಾದದಡಿಯಿಂದ ಎದ್ದು ನಿಂತವು. ಸದ್ದು ನಿಂತುಹೋಗಿತ್ತು; ಲಾಡ್ಲೇಸಾಬ ಬಿಲ್ಲು ಇಳಿಸಿ ಢಂಯ್ ಢಂಯ್ ಎಂದು ಮೀಟಿದ. ಒಂದೊಂದು ಮೀಟಿಗೂ ಬಿಲ್ಲಿನ ಹತ್ತಿ ಬೆಳಕಿನಲ್ಲಿ ಹಾರಿತು. ಎತ್ತಿದ ಕೈಗಳು ಒಂದೊಂದಾಗಿ ಇಳಿದು ನೀಲಿಯವನಿಗೆ ಮುಗಿದವು.

ಮರುದಿನ ಕಡಗಂಚಿಯಿಂದಲೂ ಮಂದಿ ಬಂದರು. "ಮುಂದಕ್ಕ ಬ್ಯಾಡ, ಹಿಂದಕ್ಕ ಬಿಡೋ" ಎಂದು ಹಟ. ಹಿಂದಕ್ಕೆ ಓಡಿ ಓಡಿ ಇಬ್ಬರೂ ದೂರ ನಿಂತು ದುರುಗುಟ್ಟುವಲ್ಲಿಗೆ ಮುಗಿಯುತ್ತಿತ್ತು, ಥೇಟ್ ನಮ್ಮ ಬದುವಿನ ಜಗಳದಂತೆ. ಮಂದಿ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರು. ಗಾಜು ಗೀರಿಲ್ಲದೆ ಆಳಂದಕ್ಕೆ ಮರಳಿತು.

ಹತ್ತು ವರ್ಷದ ಮೇಲೆ ಲಾಡ್ಲೇಸಾಬನಿಗೆ ಕೆಮ್ಮು ಹಿಡಿಯಿತು. ನೋಡಲು ಹೋದಾಗ ತಾನೇ ಮಾಡಿದ ಗಾದಿಯ ಮೇಲೆ ಮಗ್ಗುಲು ಬದಲಿಸುತ್ತಿದ್ದ.

"ಗಾದಿ ಹೆಂಗದ?" ಎಂದೆ.

"ಗಂಟ ಅವ ಅಕ್ಕ" ಎಂದು ಒಪ್ಪಿಕೊಂಡ.

"ಇದೊಂದರೆ ಖರೆ ಹೇಳಿದಿ. ಇನ್ನೊಂದು ಹೇಳು. ಆ ನೀಲಿಯವ ದೇವರೋ, ದೆವ್ವೋ?"

"ನನಗೇನ ಗೊತ್ತು? ಆ ಯುದ್ಧ ನಾ ಒಂದು ಸಲನೂ ನೋಡಿಲ್ಲ. ನೀವು ಟೀವಿ ನೋಡಾಕತ್ತಿದ್ರಿ, ನಾ ನಿಮ್ಮ ಕೈ ನೋಡಾಕತ್ತಿದ್ದೆ."

ಮುಂದಿನ ವಾರ ತೀರಿಹೋದ.

ದೇವರು ಬಿದ್ದ ಆ ಮಧ್ಯಾಹ್ನ ಬಾಗಿಲಿಗೆ ಒತ್ತು ಕೊಡುವ ದೊಡ್ಡ ಕಲ್ಲು ನನ್ನ ಕೈಯಲ್ಲಿತ್ತು. ಹತ್ತು ವರ್ಷ ಅವನು ಆ ಮಾತು ಎತ್ತಿ ಆಡಲಿಲ್ಲ. ವರ್ಷಕ್ಕೊಮ್ಮೆ ಬಂದು ಇಡೀ ಮನೆಯ ಗಾದಿ ಬಿಚ್ಚಿ, ಹತ್ತಿ ಬಡಿದು, ಕೈಲಾದಷ್ಟು ಗಂಟು ಒಡೆದು ತುಂಬಿಕೊಡುತ್ತಿದ್ದ. ನನ್ನ ಗಾದಿಯ ಗಂಟನ್ನು ಮಾತ್ರ ಒಡೆಯಲೇ ಇಲ್ಲ.