ಎಡಗಿವಿ ಕಾಲಿಂಚು ಕೆಳಗೆ

ಬೆಳಿಗ್ಗೆ ಒರೆಸುತ್ತಿದ್ದಾಗ ಕನ್ನಡಕದ ಕಡ್ಡಿ ಕಳಚಿ ಕೈಗೆ ಬಂತು. ಅದನ್ನು ಹಿಡಿದಿದ್ದ ಸಾಸಿವೆ ಗಾತ್ರದ ತಿರುಪು ನೆಲಕ್ಕೆ ಬಿತ್ತು. ತಿರುಪು ಸಿಗಬೇಕಾದರೆ ಕನ್ನಡಕ ಬೇಕು, ಕನ್ನಡಕ ಹಾಕಬೇಕಾದರೆ ತಿರುಪು ಬೇಕು. ನನ್ನಂತೆ ಮೈನಸ್ ಐದರ ಗ್ಲಾಸು ಹಾಕುವವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ನೀವು ಹಾಗಲ್ಲದಿದ್ದರೆ, ಬಚ್ಚಲಲ್ಲಿ ಕಣ್ಣಿಗೆ ಸೋಪು ಹೋದಾಗ ಚೊಂಬಿಗಾಗಿ ತಡಕಾಡುವುದನ್ನು ನೆನಪಿಸಿಕೊಂಡರೆ ಸಾಕು.

ಹಳೆಯದೊಂದು ಇರಬೇಕೆಂದು ಮೇಜಿನ ಡ್ರಾಯರಿನಲ್ಲಿ ಕೈಯಾಡಿಸಿದೆ. ಕನ್ನಡಕದ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ. ಒಳಗೆ ಗೀರುಬಿದ್ದ ಹಳೆಯ ಕನ್ನಡಕದ ಜೊತೆ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು. ಮೂಗಿನ ತುದಿಗೆ ಹಿಡಿದು ಓದಿದೆ: "ಕಿವಿಯಿಂದ ಕಿವಿಗೆ ಐದೂವರೆ. ಮೂಗು ಮುಕ್ಕಾಲು. ಕಡ್ಡಿ ಉದ್ದ ಐದೂಮುಕ್ಕಾಲು. ಎಡಗಿವಿ ಕಾಲಿಂಚು ಕೆಳಗೆ, ನೋಡಿ ಮಾಡುವುದು."

ಚಿಕ್ಕಿಯ ಅಕ್ಷರ. ನನ್ನ ಅಮ್ಮನ ತಂಗಿ ಗಿರಿಜಾ. ಹೊಸನಗರದಲ್ಲಿ ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ.

ಚೀಟಿಯ ಕತೆಗೆ ಮೊದಲು ಕನ್ನಡಕ ಕೊಳ್ಳುವುದರಲ್ಲಿರುವ ಒಂದು ಅನ್ಯಾಯವನ್ನು ಹೇಳಿಬಿಡುತ್ತೇನೆ. ಅಂಗಡಿಯ ಫ್ರೇಮುಗಳಲ್ಲಿ ಗ್ಲಾಸಿನ ಜಾಗದಲ್ಲಿ ಇರುವುದು ಬರೀ ಸಾದಾ ಪ್ಲಾಸ್ಟಿಕ್ಕು. ಅದು ನಮಗೆ ಒಪ್ಪುತ್ತದೆಯೋ ಇಲ್ಲವೋ ನೋಡಬೇಕೆಂದರೆ ನಮ್ಮ ಕನ್ನಡಕ ತೆಗೆದು ಅದನ್ನು ಹಾಕಿಕೊಳ್ಳಬೇಕು. ಹಾಕಿಕೊಂಡ ಕೂಡಲೇ ಕನ್ನಡಿಯಲ್ಲಿ ನಾನೇ ಇರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ರಂಗೋಲಿಯಂಥ ಏನೋ ಒಂದು ಇರುತ್ತದೆ. ಅಂದರೆ ಕಣ್ಣು ಕಾಣದವಳು ತನ್ನ ಫ್ರೇಮನ್ನು ಇನ್ನೊಬ್ಬರ ಕಣ್ಣಲ್ಲೇ ಆರಿಸಬೇಕು. ಹೈಸ್ಕೂಲು ಮುಗಿಯುವವರೆಗೆ ಅಮ್ಮ ಆರಿಸುತ್ತಿದ್ದಳು. "ಗಟ್ಟಿ ಇದೆಯಾ" ಎಂಬ ಒಂದೇ ಪ್ರಶ್ನೆ ಅವಳದು, ಬಕೆಟ್ಟು ಕೊಂಡ ಹಾಗೆ. ಆಮೇಲೆ ನಾನೇ ಆರಿಸತೊಡಗಿದೆ. "ಹೇಗೆ ಕಾಣುತ್ತೇನೆ" ಎಂದು ಯಾರನ್ನಾದರೂ ಕೇಳುವುದಕ್ಕಿಂತ ತಪ್ಪು ಫ್ರೇಮಿನಲ್ಲಿ ಎರಡು ವರ್ಷ ಓಡಾಡುವುದೇ ನನಗೆ ಸುಲಭ. ಹಾಗೆ ಓಡಾಡಿಯೂ ಇದ್ದೇನೆ. ಗೂಬೆಯ ಹಾಗೆ ಒಂದು ಸಲ, ನಿವೃತ್ತ ಶಿರಸ್ತೇದಾರರ ಹಾಗೆ ಇನ್ನೊಂದು ಸಲ. ಯಾವುದನ್ನು ಕೊಂಡರೂ ಎಂಟು ದಿನದೊಳಗೆ ಒಂದು ಕಡೆ ವಾಲುತ್ತಿತ್ತು. ಸಾಗರ, ಶಿವಮೊಗ್ಗ, ಈಗ ನಾನಿರುವ ತೀರ್ಥಹಳ್ಳಿ, ಮೂರೂ ಊರಿನ ಅಂಗಡಿಯವರನ್ನು ಮನಸ್ಸಿನಲ್ಲೇ ಬೈದಿದ್ದೇನೆ.

ಈಗ ಚಿಕ್ಕಿ. ನಾನು ಸಾಗರದಲ್ಲಿ ಡಿಗ್ರಿ ಓದುತ್ತಿದ್ದಾಗ ಶನಿವಾರ ಮಧ್ಯಾಹ್ನ ಅವಳಲ್ಲಿಗೆ ಹೋಗುತ್ತಿದ್ದೆ. ಅವಳ ಅಂಗಡಿಯ ಗೋಡೆಯಲ್ಲೊಂದು ಕ್ಯಾಲೆಂಡರು. ಅದರ ಅಂಚಿಗೆ ದಾರ ಪೋಣಿಸಿದ ಸೂಜಿಗಳನ್ನು ಸಾಲಾಗಿ ಚುಚ್ಚಿಟ್ಟಿರುತ್ತಿದ್ದಳು. ಅಳತೆ ಕೊಡಲು ಬಂದವರು, ಸೀರೆಯ ಫಾಲ್ಸ್ ಕೇಳಲು ಬಂದವರು, ಸುಮ್ಮನೆ ಮಾತಿಗೆ ಬಂದವರು, ಎಲ್ಲರಿಗೂ ಒಂದೇ ಸುಂಕ. "ಹಂಗೇ ಆ ಸೂಜಿಗೊಂದು ದಾರ ಹಾಕಿಡು ಮಾರಾಯ್ತಿ, ನಂಗೆ ಕೈ ಬಿಡುವಿಲ್ಲ." ನಾನು ಹೋದ ದಿನ ಹತ್ತಿಪ್ಪತ್ತು ಸೂಜಿ ನನ್ನ ಪಾಲಿಗೆ. ಬಿಡುವಿಲ್ಲದ್ದು ಕೈಗಲ್ಲ ಎಂದು ನನಗೆ ಗೊತ್ತಾದದ್ದು ಒಂದು ಕಪ್ಪು ಬ್ಲೌಸಿನಿಂದ. ಅದರ ಹುಕ್ಕುಗಳು ಮೆಟ್ಟಿಲಿನ ಹಾಗೆ ಒಂದರಿಂದೊಂದು ಸರಿದು ಕೂತಿದ್ದವು. ನಾನು ನೋಡಿದ್ದನ್ನು ಅವಳು ನೋಡಿದಳು. ಪರದೆಯ ಹಿಂದೆ ಕರೆದುಕೊಂಡು ಹೋಗಿ, ಅಕ್ಕಿ ಡಬ್ಬಿಯೊಳಗಿಂದ ಒಂದು ಕನ್ನಡಕ ತೆಗೆದು ತೋರಿಸಿದಳು. ಸಿಗಂದೂರಿಗೆ ಹೋದಾಗ ದಾರಿಬದಿಯ ತಳ್ಳುಗಾಡಿಯಲ್ಲಿ ಕೊಂಡಿದ್ದಂತೆ. ಬಾಗಿಲು ಹಾಕಿದ ಮೇಲಷ್ಟೇ ಹಾಕಿಕೊಳ್ಳುವುದು.

"ಇದ್ರಲ್ಲಿ ಎರಡು ಸೂಜಿ ಕಾಣ್ತದೆ. ಯಾವುದಕ್ಕೆ ದಾರ ಹಾಕದು ಹೇಳು."

"ಡಾಕ್ಟ್ರಿಗೆ ತೋರ್ಸು ಚಿಕ್ಕಿ."

"ಇಲ್ಲಿ ತೋರ್ಸಿದ್ರೆ ನಾನು ಮನೆ ಮುಟ್ಟೋದ್ರೊಳಗೆ ಸುದ್ದಿ ಮುಟ್ಟಿರ್ತದೆ. ಗಿರಿಜಕ್ಕಂಗೆ ಕಣ್ಣು ಹೋಯ್ತಂತೆ ಅಂತ. ಬಸ್ ಸ್ಟ್ಯಾಂಡ್ ಹತ್ರ ಹೊಸ ಟೈಲರ್ ಬಂದಾಳೆ, ಇನ್ನೂ ಸಣ್ಣ ವಯಸ್ಸು. ಕಣ್ಣಿಲ್ಲದೋಳ ಕೈಗೆ ರೇಷ್ಮೆ ಬಟ್ಟೆ ಯಾರು ಕೊಡ್ತಾರೆ?"

ಎರಡು ಮೆಷಿನ್ನು, ಒಂದು ಕತ್ತರಿ, ಊರಿನ ಹೆಂಗಸರ ನಂಬಿಕೆ, ಇಷ್ಟರಲ್ಲೇ ಅವಳ ಬದುಕು ನಡೆಯುತ್ತಿತ್ತು.

ಅವಳು ಕಂಡುಕೊಂಡ ಉಪಾಯ ದರ್ಜಿಯಲ್ಲದೆ ಇನ್ನಾರಿಗೂ ಹೊಳೆಯುವಂಥದ್ದಲ್ಲ. ಕನ್ನಡಿಯ ಮುಂದೆ ನಿಂತು ಇಂಚು ಟೇಪಿನಲ್ಲಿ ತನ್ನ ಮುಖವನ್ನೇ ಅಳೆದುಕೊಂಡಳು. ಚೀಟಿ ಬರೆದಳು. ಸಿಗಂದೂರಿನ ಕನ್ನಡಕವನ್ನು ಅಳತೆ ಬ್ಲೌಸಿನ ಹಾಗೆ ಕವರಿಗೆ ಹಾಕಿ ನನ್ನ ಕೈಗಿತ್ತಳು. "ಇದನ್ನ ಸಾಗರದಲ್ಲಿ ಕೊಡು. ಅಳತೆ ಪ್ರಕಾರ ಹೊಸದು ಮಾಡ್ಲಿ. ಅಂದಾಜಿಗೆ ನಿನ್ ಮುಖಕ್ಕೇ ಇಟ್ಟು ನೋಡು. ನಿಂದೂ ನಂದೂ ಒಂದೇ ಅಚ್ಚು."

ಮನೋವಿಜ್ಞಾನ, ಅರ್ಥಶಾಸ್ತ್ರ ಓದುತ್ತಿದ್ದ ನಾನು ಇದು ನಡೆಯುವ ಕೆಲಸವಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಅವಳ ಮುಖ ಅಷ್ಟು ನಿಶ್ಚಿಂತವಾಗಿತ್ತು. ಸೋಮವಾರ ಕಾಲೇಜು ಬಿಟ್ಟ ಮೇಲೆ ಕನ್ನಡಕದಂಗಡಿಗೆ ಹೋಗಿ, ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ, ಚೀಟಿ ಕೊಟ್ಟೆ.

ಅಂಗಡಿಯವರು ವಯಸ್ಸಾದವರು. ಚೀಟಿಯನ್ನು ಎರಡು ಸಲ ಓದಿದರು.

"ಯಾರಮ್ಮ ಬರೆದಿದ್ದು?"

"ನಮ್ಮ ಚಿಕ್ಕಮ್ಮ. ಟೈಲರು."

"ಅದೇ ಅಂದ್ಕಂಡೆ. ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ, ಕಿವಿ ಮೇಲೆ ಕೆಳಗೆ ಇರೋದನ್ನ ಬರ್ಕೊಂಡು ಬಂದ ಗಿರಾಕಿ ನೋಡಿಲ್ಲ." ಚೀಟಿಯನ್ನು ಮಡಿಸಿ ನನಗೇ ಕೊಟ್ಟರು. "ಫ್ರೇಮಿಗೆ ಈ ಅಳತೆ ಸಾಕು. ಕಣ್ಣನ್ನ ಮಾತ್ರ ಅವರೇ ತರ್ಬೇಕಾಗ್ತದೆ ಅಂತ ಹೇಳಿ."

ಆ ಚೀಟಿ ಅಂದೇ ನನ್ನ ಕನ್ನಡಕದ ಡಬ್ಬಿಯೊಳಗೆ ಸೇರಿದ್ದು.

ಚಿಕ್ಕಿ ಬಂದಳು, ಮುಂದಿನ ವಾರ. ಊರಲ್ಲಿ ಲೈನಿಂಗ್ ಬಟ್ಟೆ ತರಲು ಹೋಗುವುದಾಗಿ ಹೇಳಿದ್ದಳು. ಸುಳ್ಳಾಗಬಾರದೆಂದು ಮೊದಲು ಲೈನಿಂಗ್ ಬಟ್ಟೆ ಕೊಂಡು, ಆಮೇಲೆ ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದಳು.

ಪರೀಕ್ಷೆಗೆ ಕೂರಿಸಿ, ಗ್ಲಾಸು ಬದಲಿಸುವ ಭಾರದ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಓದಲು ಒಂದು ರಟ್ಟು ಕೊಟ್ಟರು. ಅದನ್ನು ಅವಳು ಬದಿಗಿಟ್ಟಳು. "ನಾನು ಓದೋಳಲ್ಲ ಸಾರ್, ಹೊಲಿಯೋಳು." ಚೀಲದಿಂದ ಕಪ್ಪು ಬಟ್ಟೆಯ ತುಂಡು, ಕಪ್ಪು ದಾರ, ಸೂಜಿ ಹೊರಬಂದವು. ಕೊನೆಗೆ ಟೇಪು. ಅದರ ಒಂದು ತುದಿಯನ್ನು ಹುಬ್ಬಿಗೆ ಒತ್ತಿ, ಇನ್ನೊಂದನ್ನು ಮೇಜಿನತ್ತ ಚಾಚಿ ಹೇಳಿದಳು: "ಮೆಷಿನ್ ಸೂಜಿಗೂ ಕಣ್ಣಿಗೂ ಹದಿನೆಂಟು ಇಂಚು. ಕೈ ಹೊಲಿಗೆಗೆ ಹನ್ನೆರಡು. ಪೇಪರ್ ಕಾಣ್ದಿದ್ರೂ ಅಡ್ಡಿಲ್ಲ. ಇವೆರಡು ಜಾಗ ಕಾಣ್ಬೇಕು."

ಅಂಗಡಿಯವರು ನಗಲಿಲ್ಲ. ಎದ್ದು ಹೋಗಿ ಗ್ಲಾಸಿನ ಪೆಟ್ಟಿಗೆಯನ್ನೇ ಅವಳ ಮುಂದೆ ತಂದಿಟ್ಟುಕೊಂಡರು. ಟೇಪು ಹಿಡಿದುಕೊಂಡೇ ಒಂದೊಂದು ಗ್ಲಾಸು ಬದಲಿಸಿದರು. ಆರನೆಯದೋ ಏಳನೆಯದೋ ಇರಬೇಕು, ಚಿಕ್ಕಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಉಸಿರು ಹಿಡಿದು, ಒಂದೇ ಸಲಕ್ಕೆ ಪೋಣಿಸಿದಳು. ಪೋಣಿಸಿದ ಸೂಜಿಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ನಾನು ನೋಡಲೆಂದು ಬಗ್ಗಿದೆ. ಅವಳು ಸೂಜಿ ಬಿಟ್ಟು ನನ್ನ ಮುಖ ನೋಡಿದಳು.

"ಹುಬ್ಬಿನ ಮೇಲೆ ಇದೆಂತದೇ ಗಾಯ?"

ಸ್ಕೂಟಿಯಿಂದ ಬಿದ್ದದ್ದು. ವರ್ಷದ ಹಿಂದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪ್ರತಿ ಶನಿವಾರ ಅವಳ ಪಕ್ಕದಲ್ಲೇ ಕೂತು ಸೂಜಿ ಪೋಣಿಸಿದವಳು ನಾನು. "ಹಳೇದು" ಎಂದೆ. "ಹಳೇದು ಅಂದ್ರೆ ನಂಗೆ ಹೊಸದೇ" ಎಂದು ಅವಳು ಹೆಬ್ಬೆರಳಲ್ಲಿ ಅದನ್ನು ಸವರಿದಳು. ಮರುಕ್ಷಣ ಕೈಗನ್ನಡಿ ಹಿಡಿದು ತನ್ನನ್ನೇ ನೋಡಿಕೊಂಡು, "ಕುತ್ತಿಗೆ ಹಿಂಗಾಗಿದೆ ಅಂತ ಯಾರೂ ಹೇಳ್ಲೇ ಇಲ್ವಲ್ಲ" ಎಂದಳು.

ಫ್ರೇಮಿನ ಸರದಿ ಬಂತು. ಅವಳು ಪ್ರತಿಯೊಂದನ್ನೂ ತಿರುಗಿಸಿ, ಹೊಲಿಗೆ ನೋಡುವ ಹಾಗೆ ಒಳಮೈ ನೋಡಿದಳು. ಹಾಕಿದ್ದು ಗೊತ್ತೇ ಆಗದಂಥದ್ದು ಬೇಕೆಂದಳು. ಅಂಗಡಿಯವರು ಅಂಚಿಲ್ಲದ್ದೊಂದನ್ನು ತೆಗೆದರು. "ಹೆಂಗೆ?" ಎಂದು ನನ್ನ ಕಡೆ ತಿರುಗಿದಳು. ಇನ್ನೊಬ್ಬರ ಮುಖದ ಬಗ್ಗೆ ಅಭಿಪ್ರಾಯ ಹೇಳುವ ಅಭ್ಯಾಸ ನನಗಿಲ್ಲ. ಆದರೂ ಬಾಯಿಗೆ ಬಂತು. "ಏನೋ ಮುಚ್ಚಿಡ್ತಾ ಇದ್ದ ಹಾಗೆ ಕಾಣ್ತೀಯ. ಆ ಕಂದು ಬಣ್ಣದ್ದು ಹಾಕು." ದಪ್ಪ ಅಂಚಿನ ಕಂದು ಫ್ರೇಮು. ನೂರು ಗಜ ದೂರದಿಂದಲೂ ಕಾಣುವಂಥದ್ದು. ಅವಳು ನನ್ನನ್ನೂ ಫ್ರೇಮನ್ನೂ ಬದಲಿಸಿ ಬದಲಿಸಿ ನೋಡಿ, "ಹಾಳಾಗ್ಲಿ, ಅದೇ ಕೊಡಿ" ಎಂದಳು.

ಆ ರಾತ್ರಿ ನನಗೆ ಭಯವಾಯಿತು. ಅಕ್ಕಿ ಡಬ್ಬಿಯಲ್ಲಿ ಅಡಗುತ್ತಿದ್ದುದನ್ನು ಊರಿಗೆಲ್ಲ ಕಾಣುವ ಹಾಗೆ ಮಾಡಿದವಳು ನಾನು. ಗಿರಾಕಿಗಳು ಬಸ್ ಸ್ಟ್ಯಾಂಡಿನ ಕಡೆ ಹೊರಟರೆ?

ಶನಿವಾರ ಕನ್ನಡಕ ತೆಗೆದುಕೊಂಡು ಹೋದೆ. ಚಿಕ್ಕಿಯ ಅಂಗಡಿಯಲ್ಲಿ ಪದ್ಮಕ್ಕ ಕೂತಿದ್ದರು. ಆ ಬೀದಿಯ ಸುದ್ದಿಯೆಲ್ಲ ಹೊರಡುವುದೇ ಅವರಿಂದ. ಮಗಳ ನಿಶ್ಚಿತಾರ್ಥದ ರೇಷ್ಮೆ ಬ್ಲೌಸಿನ ಬಟ್ಟೆ ತೊಡೆಯ ಮೇಲಿತ್ತು, ಇನ್ನೂ ಚಿಕ್ಕಿಯ ಕೈಗೆ ಬಂದಿರಲಿಲ್ಲ. ನಾನು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದೆ. ಚಿಕ್ಕಿ ಕೈ ಚಾಚಿದಳು. "ಕೊಡೇ." ಹಾಕಿಕೊಂಡಳು. ಕ್ಯಾಲೆಂಡರಿನಿಂದ ದಾರವಿಲ್ಲದ ಸೂಜಿಯೊಂದನ್ನು ಕಿತ್ತು, ಪದ್ಮಕ್ಕನ ಎದುರೇ ದಾರ ಪೋಣಿಸಿದಳು.

ಪದ್ಮಕ್ಕ ಕೂತಲ್ಲಿಂದಲೇ ಮುಂದಕ್ಕೆ ಬಾಗಿದರು. ಆಮೇಲೆ, "ಎಲ್ಲಿ, ಕೊಡು ಕಾಣ್ವ" ಎಂದು ಕನ್ನಡಕವನ್ನು ಕಿತ್ತು ತಮ್ಮ ಮೂಗಿಗೇರಿಸಿಕೊಂಡು ರೇಷ್ಮೆಯನ್ನು ಕಣ್ಣ ಹತ್ತಿರ ತಂದರು.

"ಅಯ್ಯೋ ಗಿರಿಜಾ, ಇದ್ರಲ್ಲಿ ಸಣ್ಣ ಸಣ್ಣ ಚುಕ್ಕಿ ಇದೆಯಲ್ಲೇ."

"ಮುಂಚೆ ಇರ್ಲಿಲ್ವಾ?"

"ಅಂಗಡಿಯೋನು ಪ್ಲೇನ್ ಅಂತ ಕೊಟ್ಟ. ನಾನೂ ಪ್ಲೇನ್ ಅಂತ ತಗಂಡೆ."

ಇಬ್ಬರೂ ನಕ್ಕ ನಗುವಿಗೆ ಪಕ್ಕದ ಅಂಗಡಿಯವರು ಇಣುಕಿದರು. ನಕ್ಕು ಮುಗಿದ ಮೇಲೆ ರೇಷ್ಮೆ ಕೈ ಬದಲಾಯಿಸಿತು. ಹೋಗುವಾಗ ಪದ್ಮಕ್ಕ ಕೇಳಿದರು, "ಸಾಗರದಲ್ಲಿ ಎಲ್ಲಿ ಮಾಡ್ಸಿದ್ದು?" ಚಿಕ್ಕಿ ವಿಳಾಸ ಹೇಳುವ ಬದಲು ಟೇಪು ತೆಗೆದಳು. "ಅಲ್ಲಾಡ್ಬೇಡ, ಕೂತ್ಕ."

ಸುದ್ದಿ ಹರಡಿತು, ನಿಜ. ಆದರೆ ಬೇರೆಯೇ ಸುದ್ದಿ. ಗಿರಿಜಕ್ಕನ ಕನ್ನಡಕ ಹಾಕಿ ನೋಡಲು ಹೆಂಗಸರು ಬರತೊಡಗಿದರು. ಅಕ್ಕಿಯ ಹುಳ ಕಾಣದವರು, ಬಸ್ಸಿನ ಟಿಕೆಟ್ಟು ಓದಲಾಗದವರು, ಹೇಳಿಕೊಳ್ಳಲು ನಾಚಿ ಸುಮ್ಮನಿದ್ದವರು. ಬ್ಲೌಸಿನ ಅಳತೆ ಬರೆಯುವ ಪುಸ್ತಕದಲ್ಲೇ ಕಿವಿ, ಮೂಗುಗಳೂ ಸೇರಿಕೊಂಡವು. ಸಾಗರದ ಅಂಗಡಿಯವರು ಚೀಟಿ ಕಂಡರೆ ಸಾಕು, "ಹೊಸನಗರದೋರಾ, ಬನ್ನಿ" ಎನ್ನುತ್ತಿದ್ದರಂತೆ. ಈಗಲೂ ಕ್ಯಾಲೆಂಡರಿನಲ್ಲಿ ಸೂಜಿಗಳಿವೆ. ದಾರ ಹಾಕುವವಳು ಚಿಕ್ಕಿಯೇ.

ಇಷ್ಟೆಲ್ಲ ನೆನೆದು ಮುಗಿಯುವ ಹೊತ್ತಿಗೆ ನನ್ನ ಕೈಯಲ್ಲಿ ಫೋನಿತ್ತು. ಅದರಲ್ಲೊಂದು ಆಪ್ ಇದೆ. ಮುಖದ ಫೋಟೋ ಕೊಟ್ಟರೆ ತಾನೇ ಅದಕ್ಕೆ ಫ್ರೇಮು ಹಾಕಿ ತೋರಿಸುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಹತ್ತು ಫ್ರೇಮು ಹಾಕಿಸಿ, ಫೋನನ್ನು ಮೂಗಿನ ತುದಿಗೆ ಹಿಡಿದು ನೋಡಿದೆ. ಹತ್ತೂ ನೇರವಾಗಿ ಕೂತಿದ್ದವು. ನನ್ನ ಮುಖದ ಮೇಲೆ ಎಂದೂ ಯಾವುದೂ ಹಾಗೆ ಕೂತದ್ದಿಲ್ಲ.

ಆಪ್ ಮುಚ್ಚಿ ಚಿಕ್ಕಿಗೆ ಫೋನು ಮಾಡಿದೆ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡು ಕೇಳಿದೆ. "ಭಾನುವಾರ ಸಾಗರಕ್ಕೆ ಬರ್ತೀಯಾ? ಫ್ರೇಮ್ ತಗೊಬೇಕು. ಹಾಕ್ಕೊಂಡ್ರೆ ನಂಗೆ ನನ್ನ ಮುಖ ಕಾಣಲ್ಲ."

"ಬರ್ದೇ ಇರ್ತೀನಾ. ನೀ ತೀರ್ಥಹಳ್ಳಿ ಬಸ್ಸಲ್ಲಿ ಬಾ, ನಾನು ಇಲ್ಲಿ ಹತ್ತಿಕೊಳ್ತೀನಿ. ಟೇಪು ತರ್ತೀನಿ." ಮೆಷಿನ್ನಿನ ಸದ್ದು ನಿಂತಿತು. "ಎಡಗಿವಿ ನೋಡ್ಕಂಡಿದ್ಯಾ? ನಿಂದೂ ಕೆಳಗೇ ಇರ್ಬೇಕು. ನಮ್ಮ ಅಮ್ಮಂದೂ ಹಂಗೇ ಇತ್ತು."

ಫೋನಿಟ್ಟು ಕನ್ನಡಿಯ ಮುಂದೆ ನಿಂತೆ. ಒರೆಸಿದ ರಂಗೋಲಿ ಎದುರಿಗಿತ್ತು. ಎರಡೂ ಕಿವಿಗಳ ಬುಡಕ್ಕೆ ಬೆರಳಿಟ್ಟು ಕಣ್ಣು ಮುಚ್ಚಿದೆ. ಕಾಲಿಂಚು ಇದ್ದೀತು. ಬೈಸಿಕೊಂಡ ಅಂಗಡಿಯವರೆಲ್ಲ ಒಬ್ಬೊಬ್ಬರಾಗಿ ನೆನಪಾದರು.