ಮುನವಳ್ಳಿ ಬಸ್ಸಿನ ತಡಕ್ಕೆ ಕಾರಣ

೧೯೭೫ರ ಜನವರಿಯಲ್ಲಿ ನಾನು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ. ಹೆಸರು ದೊಡ್ಡದು, ಕೋಣೆ ಸಣ್ಣದು. ಬಸ್ಸು ಬಂದ ಸಮಯ, ಹೋದ ಸಮಯ ಬರೆದಿಡುವುದು, ಯಾವ ಬಸ್ಸಿಗೆ ಯಾವ ಡ್ರೈವರ್ ಎಂದು ಗೊತ್ತುಮಾಡುವುದು, ತಡವಾಗಿ ಬಂದವರನ್ನು ಬೈಯುವುದು ನನ್ನ ಕೆಲಸ. ಬೈಯುವ ಕೆಲಸವನ್ನು ಸರ್ಕಾರ ನನಗೆ ಒಪ್ಪಿಸಿರಲಿಲ್ಲ, ಅದನ್ನು ನಾನೇ ಪ್ರೀತಿಯಿಂದ ಹಚ್ಚಿಕೊಂಡಿದ್ದೆ. ಗೋಡೆಯ ಗಡಿಯಾರದ ಮೇಲೆ ನಂಬಿಕೆ ಸಾಲದೆ ಕೈಗೊಂದು ಕಟ್ಟಿದ್ದೆ. ಊಟಕ್ಕೆ ಕೂತಾಗಲೂ ಅದನ್ನೇ ನೋಡುತ್ತಿದ್ದೆನಾದ್ದರಿಂದ ನನ್ನ ಹೆಂಡತಿ, “ರೊಟ್ಟಿಗೂ ಟೈಮ್ ಹಾಕ್ರಿ, ತಡ ಆದ್ರ ಮೆಮೊ ಕೊಡ್ರಿ” ಎನ್ನುತ್ತಿದ್ದಳು.

ಪ್ರತಿ ಬಸ್ಸಿನ ಜತೆ ಲಾಗ್ ಶೀಟ್ ಎಂಬ ಹಾಳೆಯೊಂದು ಹೋಗುತ್ತಿತ್ತು. ಎಲ್ಲಿ ಎಷ್ಟು ಗಂಟೆಗೆ ಮುಟ್ಟಿತು ಎಂದು ಕಂಡಕ್ಟರ್ ಅದರಲ್ಲಿ ಬರೆಯಬೇಕು. ಕೊನೆಯ ಕಾಲಂ ‘ತಡಕ್ಕೆ ಕಾರಣ’. ಬೆಳಗ್ಗೆ ಏಳು ಹತ್ತಕ್ಕೆ ಹೊರಡುವ ಮುನವಳ್ಳಿ ಬಸ್ಸು ಎಂಟು ಇಪ್ಪತ್ತೈದಕ್ಕೆ ಮುನವಳ್ಳಿ ಸೇರಬೇಕು. ಆ ತಿಂಗಳು ಅದು ಒಂಬತ್ತಕ್ಕೆ ಸೇರಿತು, ಒಂಬತ್ತೂಕಾಲಕ್ಕೆ ಸೇರಿತು, ಒಂದು ದಿನವಂತೂ ಒಂಬತ್ತು ಮುಕ್ಕಾಲಾಯಿತು. ಕಾರಣದ ಕಾಲಂನಲ್ಲಿ ಕಂಡಕ್ಟರ್ ಯಲ್ಲಪ್ಪ ದಿನವೂ ‘ಎಮ್ಮೆ ಅಡ್ಡ ಬಂದದ್ದು’ ಎಂದು ಬರೆಯುತ್ತಿದ್ದ. ಹದಿಮೂರನೆಯ ಎಮ್ಮೆಗೆ ನನ್ನ ತಾಳ್ಮೆ ಮುಗಿಯಿತು.

“ಏನೋ ಯಲ್ಲಪ್ಪ, ತಾಲೂಕಿನ ಎಮ್ಮಿ ಎಲ್ಲಾ ನಿನ್ನ ಬಸ್ಸಿನ ದಾರೀನ ಕಾಯಾಕತ್ತಾವೇನು?”

ಯಲ್ಲಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. “ಎಮ್ಮಿ ಅಲ್ರಿ ಸಾಹೇಬ್ರ. ಅಡಿವೆಪ್ಪಣ್ಣ ಇಳದು ನೋಡ್ತಾನ್ರಿ.”

“ಏನ್ ನೋಡ್ತಾನ?”

“ಗಾಲಿ ಕೆಳಗ ಯಾರರ ಸಿಕ್ಕಾರೇನಂತ.”

ಅಡಿವೆಪ್ಪ ನಮ್ಮಲ್ಲಿ ಅತಿ ನಿಧಾನಸ್ಥ ಡ್ರೈವರ್. ಹನ್ನೊಂದು ವರ್ಷದಲ್ಲಿ ಒಂದು ಅಪಘಾತವಿಲ್ಲ. ಅಂಥವನಿಗೆ ಇದೇನು ಗ್ರಹಚಾರ ಎಂದುಕೊಂಡೆ. ಅಷ್ಟರಲ್ಲಿ ನಾಲ್ವರು ರೈತರು ನನ್ನ ಕಿಟಕಿಗೆ ಬಂದು ನಿಂತರು. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಸುಗ್ಗಿಯಲ್ಲಿ ರೈತರು ಕಿತ್ತ ಕಡಲೆ, ಹುರಳಿ ಗಿಡಗಳನ್ನು ಡಾಂಬರು ರಸ್ತೆಯ ಮೇಲೆ ಮೊಳಕಾಲೆತ್ತರ ಹರಡುತ್ತಾರೆ. ಬಸ್ಸು, ಲಾರಿ ತುಳಿದು ಕಾಳು ಬಿಡಿಸಿಕೊಡುತ್ತವೆ. ಕಣವೂ ಪುಕ್ಕಟೆ, ಎತ್ತೂ ಪುಕ್ಕಟೆ.

“ಸಾಹೇಬ್ರ, ಆ ಡ್ರೈವರ್‌ನ ಬದಲಿ ಮಾಡ್ರಿ,” ಎಂದ ಅವರಲ್ಲೊಬ್ಬ. “ನಮ್ಮ ಕಡ್ಲಿ ಕಂಡ್ರ ಹಾವು ಕಂಡಂಗ ಬ್ರೇಕ್ ಹಾಕ್ತಾನ. ಕಡ್ಲಿ ತುಳೀಲಾರದ ಬಸ್ಸ ತಗೊಂಡು ನಾವೇನ್ ಮಾಡೂಣ್ರಿ?”

ಮರುದಿನ ನಾನೇ ಆ ಬಸ್ಸು ಹತ್ತಿದೆ. ಮೊದಲ ಕಡಲೆ ರಾಶಿ ಬಂದೊಡನೆ ಅಡಿವೆಪ್ಪ ನಿಲ್ಲಿಸಿದ. ಇಳಿದು ಕೋಲಿನಿಂದ ಗಿಡಗಳನ್ನು ಕೆದರಿದ. ಹತ್ತಿ ದಾಟಿಸಿದ. ಮತ್ತೆ ನಿಲ್ಲಿಸಿ, ಇಳಿದು, ಬಗ್ಗಿ ಎಲ್ಲಾ ಗಾಲಿ ನೋಡಿದ. ಅವನ ಹಿಂದೆ ಎಂಟು ಹತ್ತು ಪ್ರಯಾಣಿಕರೂ ಇಳಿದು ಬಗ್ಗಿ ನೋಡಿದರು. ಕೆಲವರು ಬೀಡಿ ಹಚ್ಚಿದರು, ಕೆಲವರು ಬೇಲಿಯ ಕಡೆ ಹೋಗಿಬಂದರು. ಒಳಗಿದ್ದವರು ಒಕ್ಕೊರಲಿನಿಂದ, “ಯಾರೂ ಸಿಕ್ಕಿಲ್ಲೋ ಅಡಿವೆಪ್ಪ, ನಡೀ!” ಎಂದು ಕೂಗಿದರು. ಮುನವಳ್ಳಿಗೆ ಮೊಸರು ಮಾರಲು ಹೋಗುವ ನೀಲವ್ವನೆಂಬ ಮುದುಕಿ ತನ್ನ ಗಡಿಗೆಯನ್ನು ತಬ್ಬಿ ಕೂತು, “ಏನೂ ಆಗಿಲ್ಲ ನನ ಮಗನ, ನನ್ನ ಮಸರು ಹುಳಿ ಆಗಾಕತ್ತೈತಿ” ಎಂದಳು. ಅಡಿವೆಪ್ಪನ ಮುಖ ಅರೆಕ್ಷಣ ಹಗುರಾಯಿತು. ಎರಡು ಫರ್ಲಾಂಗು ಹೋಗುವುದರೊಳಗೆ ಮತ್ತೆ ಬ್ರೇಕ್ ಹಾಕಿದ.

ಇಂಥವೇ ಹನ್ನೆರಡು ರಾಶಿ ದಾಟಿದೆವು. ಬಸ್ಸಿನ ಮುಂದೆ ನಿಂಬೆಹಣ್ಣು ಕಟ್ಟಿದ್ದರು, ಅವನ ತೋಳಿಗೆ ತಾಯತ ಕಟ್ಟಿದ್ದರು. ಯಾವುದೂ ಬ್ರೇಕ್ ಬಿಡಿಸಿರಲಿಲ್ಲ. ನಾನು ಮಾತ್ರ ನನಗೆ ಗೊತ್ತಿದ್ದ ಒಂದೇ ಮದ್ದು ಕೊಟ್ಟೆ. ಗಡಿಯಾರ ತೋರಿಸಿ ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ, ಹದಿಮೂರನೆಯ ರಾಶಿಗೆ ನಿಲ್ಲಿಸಿದ.

ಮೇಲಿನ ಕಚೇರಿಯಿಂದ ಕಾಗದ ಬಂತು. ಇಪ್ಪತ್ತೊಂದು ದಿನದೊಳಗೆ ಬಸ್ಸು ಸಮಯಕ್ಕೆ ಓಡದಿದ್ದರೆ ಅಡಿವೆಪ್ಪನನ್ನು ಸ್ಟಿಯರಿಂಗಿನಿಂದ ಇಳಿಸಿ ಉಗ್ರಾಣಕ್ಕೆ ಹಾಕಬೇಕು. ಡ್ರೈವರನಿಗೆ ಅದು ಕುದುರೆ ಇಳಿಸಿ ಕತ್ತೆ ಕಾಯಲು ಕಳಿಸಿದಂತೆ. ಕಾಗದದ ಸುದ್ದಿ ಕೇಳಿ ಅವನ ಹೆಂಡತಿ ಶಾಂತವ್ವ ನನ್ನ ಕೋಣೆಗೆ ಬಂದಳು. ಅಳಲಿಲ್ಲ, ಸಿಟ್ಟಿನಿಂದಲೇ ಮಾತಾಡಿದಳು.

“ಮಕ್ಕೊಂಡಾಗೂ ಅವರ ಬಲಗಾಲು ಬ್ರೇಕ್ ಒತ್ತತೈತ್ರಿ. ಹಾಸಗಿ ಹರದೈತಿ. ಹೋದ ಸುಗ್ಯಾಗ ನಾಯಿಮರಿ ಸತ್ತಾಗಿಂದ ಹಿಂಗಾಗೇತಿ. ನೀವು ಯಾರರ ಒಬ್ಬರು ಕೇಳೀರೇನ್ರಿ ಅವರನ್ನ?”

ನಾಯಿಮರಿಯ ಸಂಗತಿ ನನಗೆ ಗೊತ್ತಿರಲಿಲ್ಲ. ಯಲ್ಲಪ್ಪನನ್ನು ಕರೆದು ಕೇಳಿದೆ. ಹಿಂದಿನ ವರ್ಷ ಹುರಳಿ ರಾಶಿಯೊಳಗೆ ಬೆಚ್ಚಗೆ ಮಲಗಿದ್ದ ಮರಿಯೊಂದು ಗಾಲಿಗೆ ಸಿಕ್ಕಿತ್ತು. ಯಲ್ಲಪ್ಪ ಅದನ್ನು ಬದಿಗೆ ಹಾಕಿ, ತಡವಾಗುತ್ತದೆಂದು ಗಂಟೆ ಬಾರಿಸಿದ್ದ. ಅಡಿವೆಪ್ಪ ಹಾಗೇ ಗಾಡಿ ಬಿಟ್ಟಿದ್ದ. ಆ ದಿನದ ಲಾಗ್ ಶೀಟು ಹುಡುಕಿ ತೆಗೆದೆ. ‘ಸಮಯಕ್ಕೆ ಸರಿ’ ಎಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಶಾಬಾಸ್’ ಎಂದು ಬರೆದಿತ್ತು. ಅಕ್ಷರ ನನ್ನದೇ. ನನಗೆ ನಾಚಿಕೆಯಾಯಿತು.

ಧಾರವಾಡದಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರೊಬ್ಬರು ಇದ್ದಾರೆಂದು ಕೇಳಿದ್ದೆ. ಆದರೆ ಅಲ್ಲಿ ಹುಚ್ಚಾಸ್ಪತ್ರೆ ಇರುವುದರಿಂದ ನಮ್ಮ ಕಡೆ ‘ನಿನ್ನ ಧಾರವಾಡಕ್ಕ ಕಳಸಬೇಕು’ ಎಂದರೆ ಅದು ಬೈಗುಳ. ಅಡಿವೆಪ್ಪನಿಗೆ ಹೇಳಿದೊಡನೆ ಎದ್ದು ನಿಂತ.

“ನನಗ ಹುಚ್ಚ ಹಿಡದೈತೇನ್ರಿ ಸಾಹೇಬ್ರ? ಮಂದಿ ಏನಂದಾರು?”

“ನಿನಗಲ್ಲೋ ಮಾರಾಯಾ, ನನಗ,” ಎಂದೆ. “ನನ್ನ ಸಿಟ್ಟಿಗೆ ಔಷಧ ತರಬೇಕು. ಒಬ್ಬನ ಹೋಗಾಕ ಅಂಜಿಕಿ ಆಗತೈತಿ. ಜತಿಗೆ ಬಾ.”

“ಹಂಗಾದ್ರ ನಡೀರಿ, ಹೋಗೇ ಬಿಡೂಣು” ಎಂದು ತಕ್ಷಣ ಚಪ್ಪಲಿ ಮೆಟ್ಟಿದ. ಗಾಲಿ, ಬ್ರೇಕ್, ದಾರಿ ಎಲ್ಲದರ ಮೇಲೂ ಸಂಶಯಪಡುವ ಮನುಷ್ಯ ನನ್ನ ತಲೆ ಕೆಟ್ಟಿರುವುದರ ಬಗ್ಗೆ ಮಾತ್ರ ಎಳ್ಳಷ್ಟೂ ಸಂಶಯಪಡಲಿಲ್ಲ.

ಡಾಕ್ಟರು ಸಣ್ಣ ಮೈಯ, ಮೆತ್ತಗಿನ ಮಾತಿನ ಮನುಷ್ಯ. ಮೊದಲು ನನ್ನನ್ನು ಮಾತಾಡಿಸಿದರು. ನಾನು ಕಣ್ಣುಸನ್ನೆಯಲ್ಲಿ ಪಕ್ಕದವನನ್ನು ತೋರಿಸಿ, ಹನ್ನೊಂದು ವರ್ಷದಿಂದ ನಮ್ಮ ಡ್ರೈವರ್ ಎಂದೆ. ಅವರು ಅಡಿವೆಪ್ಪನಿಗೆ “ಹನ್ನೊಂದು ವರ್ಷ ಗಾಡಿ ಹೊಡದೀರಿ, ಭಾಳ ದಣದೀರೇನು?” ಎಂದರು. ಅಷ್ಟೇ. ಒಂದು ವರ್ಷ ಯಾರೂ ಕೇಳದಿದ್ದುದನ್ನು ಅವನು ಮುಕ್ಕಾಲು ಗಂಟೆ ಹೇಳಿದ. ನಾಯಿಮರಿಯ ಹತ್ತಿರ ಬಂದಾಗ ಅತ್ತುಬಿಟ್ಟ.

“ಇದು ಹುಚ್ಚಲ್ಲ,” ಎಂದರು ಡಾಕ್ಟರು. “ಇದಕ್ಕ ಗೀಳು ಅಂತಾರ. ಮನಸಿನ್ಯಾಗ ಸಂಶಯ ಬಂದು ಕುಂದರತೈತಿ. ಇಳದು ನೋಡಿದ್ರ ಅರಗಳಿಗಿ ಸಮಾಧಾನ, ಆಮ್ಯಾಲ ಮತ್ತ ಸಂಶಯ. ನೋಡಿದಷ್ಟೂ ಅದು ಬೆಳೀತೈತಿ. ಮಂದಿ ‘ಏನೂ ಆಗಿಲ್ಲ’ ಅಂದಷ್ಟೂ ಬೆಳೀತೈತಿ. ಇನ್ನ ಮ್ಯಾಲ ಇಳೀಬ್ಯಾಡ್ರಿ. ಅಂಜಿಕಿ ಏರತೈತಿ, ಏರಲಿ. ತಡಕೊಂಡ್ರ ತಾನ ಇಳೀತೈತಿ.”

“ಖರೇನ ಯಾರರ ಸಿಕ್ಕಿದ್ರ?” ಎಂದ ಅಡಿವೆಪ್ಪ.

ಅದಕ್ಕೂ ಅವರು ದಾರಿ ಹೇಳಿದರು. ಬಸ್ಸಿನಲ್ಲಿ ಕಂಡಕ್ಟರ್ ಒಂದು ಗಂಟೆ ಬಾರಿಸಿದರೆ ನಿಲ್ಲು, ಎರಡು ಬಾರಿಸಿದರೆ ನಡೆ ಎಂದರ್ಥ. ರಾಶಿಯ ಪಕ್ಕ ರೈತ ನಿಂತಿದ್ದು ಕೈಬೀಸಿದ ಮೇಲೆಯೇ ದಾಟುವುದು. ಯಲ್ಲಪ್ಪ ಹಿಂದಿನ ಕಿಟಕಿಯಲ್ಲಿ ಕೂತು ನೋಡುವುದು. ನಿಜವಾಗಿ ಏನಾದರೂ ಆದರೆ ಒಂದು ಗಂಟೆ. ಗಂಟೆಯಾಗದಿದ್ದರೆ ಇಳಿಯುವ ಹಾಗಿಲ್ಲ, ಕೇಳುವ ಹಾಗಿಲ್ಲ, ಯಾರೂ ಹೇಳುವ ಹಾಗಿಲ್ಲ. ನಿದ್ದೆಗೆ ಒಂದು ಸಣ್ಣ ಗುಳಿಗೆಯನ್ನೂ ಬರೆದುಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ಒಳಗ ಬಂದಾಗಿಂದ ಹದಿನೇಳು ಸಲ ಗಡಿಯಾರ ನೋಡೀರಿ. ಅವರು ಗಾಲಿ ನೋಡ್ತಾರ, ನೀವು ಮುಳ್ಳು ನೋಡ್ತೀರಿ. ಬಸ್ಸ ಹತ್ತುಮುಂದ ಅದನ್ನ ಬಿಚ್ಚಿ ಯಾರ ಕೈಯಾಗರ ಕೊಡ್ರಿ.”

ಅಡಿವೆಪ್ಪ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದನಂತೆ. ನನಗೆ ನಗು ಬರಲಿಲ್ಲ.

ಅವನಿಗಿಂತ ಪ್ರಯಾಣಿಕರನ್ನು ತಿದ್ದುವುದು ಕಷ್ಟವಾಯಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದೆ. ಅಡಿವೆಪ್ಪ ಏನು ಕೇಳಿದರೂ ‘ಏನೂ ಆಗಿಲ್ಲ’ ಎನ್ನಬಾರದು, ಬಾಯಿ ಮುಚ್ಚಿ ಕೂರಬೇಕು ಎಂದೆ. ನಮ್ಮ ಜನಕ್ಕೆ ಉಪವಾಸ ಇರು ಎನ್ನಬಹುದು, ಸುಮ್ಮನಿರು ಎನ್ನಬಾರದು.

“ಸುಳ್ಳ ಹೇಳಬ್ಯಾಡ ಅಂದ್ರ ತಿಳೀತೈತಿ,” ಎಂದಳು ನೀಲವ್ವ. “ಖರೇ ಹೇಳಬ್ಯಾಡ ಅಂದ್ರ ಹೆಂಗೋ ಯಪ್ಪಾ?”

ಮೊದಲ ವಾರ ಹದಿಮೂರರಲ್ಲಿ ಐದು ರಾಶಿಗೆ ಇಳಿಯಲಿಲ್ಲ. ಎರಡನೆಯ ವಾರ ಹತ್ತಕ್ಕೆ ಇಳಿಯಲಿಲ್ಲ. ಅಂಗಿ ಬೆವರಿನಿಂದ ಒದ್ದೆಯಾಗುತ್ತಿತ್ತು, ಆದರೂ ಗಾಡಿ ಹೋಗುತ್ತಿತ್ತು. ಇಪ್ಪತ್ತನೆಯ ದಿನ ನಾನು ಮತ್ತೆ ಬಸ್ಸು ಹತ್ತಿದೆ. ಗಡಿಯಾರ ಬಿಚ್ಚಿ ನೀಲವ್ವನ ಕೈಗಿಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಹನ್ನೆರಡು ರಾಶಿ ದಾಟಿದವು. ಒಂದಕ್ಕೂ ಇಳಿಯಲಿಲ್ಲ. ಹದಿಮೂರನೆಯದು ಮುನವಳ್ಳಿಗೆ ಒಂದೂವರೆ ಮೈಲಿ ಈಚೆ ಇತ್ತು, ಎಲ್ಲಕ್ಕಿಂತ ದಪ್ಪನೆಯದು. ರೈತ ಕೈಬೀಸಿದ. ಬಸ್ಸು ಏರಿತು. ಹಿಂದಿನ ಗಾಲಿಯ ಕೆಳಗೆ ‘ಫಟ್’ ಎಂದು ಏನೋ ಒಡೆಯಿತು.

ಬಸ್ಸಿನಲ್ಲಿ ಐವತ್ತು ಜನ, ಒಬ್ಬರೂ ಉಸಿರೆತ್ತಲಿಲ್ಲ. ನೀಲವ್ವ ಮೊದಲು ತನ್ನ ಮೊಸರಿನ ಗಡಿಗೆ ಮುಟ್ಟಿ ನೋಡಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಯಲ್ಲಪ್ಪ ಹಿಂದಿನ ಕಿಟಕಿಗೆ ಮುಖ ಒತ್ತಿದ. ಗಂಟೆ ಆಗಲಿಲ್ಲ. ಅಡಿವೆಪ್ಪನ ಕಾಲು ಬ್ರೇಕಿನ ಮೇಲೆ ಬಂತು, ಹಾಗೇ ನಿಂತಿತು. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಗಾಡಿ ಮುಂದೆ ಹೋಯಿತು. ಮುನವಳ್ಳಿ ಬಂದಾಗ ಅಲ್ಲಿಯ ಗಡಿಯಾರದಲ್ಲಿ ಎಂಟು ಇಪ್ಪತ್ತಾರು.

ನಾನು ಕುಣಿದಾಡಬೇಕಿತ್ತು. ಆದರೆ ನನ್ನ ಕಣ್ಣು ಬಂದ ದಾರಿಯ ಕಡೆಗೇ ತಿರುಗಿತು. ಏನದು ಒಡೆದದ್ದು? ರೈತ ನಿಂತಿದ್ದ, ಕೈಬೀಸಿದ್ದ, ನಾನೇ ಕಂಡಿದ್ದೆ. ಕಂಡಿದ್ದೆನಾ? ಧೂಳು ಬಹಳವಿತ್ತು. ವಾಪಸು ಹೊರಡಲು ಇಪ್ಪತ್ತು ನಿಮಿಷವಿತ್ತು. “ಸ್ವಲ್ಪ ಕೆಲಸ ಐತಿ” ಎಂದು ಅಡಿವೆಪ್ಪನಿಗೆ ಹೇಳಿ, ಬಾಡಿಗೆ ಸೈಕಲ್ ಹಿಡಿದು ಬಂದ ದಾರಿಯಲ್ಲೇ ತುಳಿದೆ. ಏದುಸಿರು ಬಿಡುತ್ತ ಹದಿಮೂರನೆಯ ರಾಶಿ ಮುಟ್ಟಿದರೆ, ಇನ್ನೊಂದು ಬಾಡಿಗೆ ಸೈಕಲ್ ಆಗಲೇ ಅಲ್ಲಿ ನಿಂತಿದೆ. ಚಹಾ ಕುಡಿದು ಬರುತ್ತೇನೆಂದು ಹೋದ ಯಲ್ಲಪ್ಪ ಮೊಳಕಾಲೂರಿ ಕಡಲೆ ಗಿಡ ಕೆದರುತ್ತಿದ್ದಾನೆ!

“ಗಂಟಿ ಹೊಡೀಬೇಕಿತ್ತೇನೋ ಅನ್ನಿಸ್ತರಿ ಸಾಹೇಬ್ರ,” ಎಂದ, ಕಳ್ಳನ ಹಾಗೆ.

ನಾನೂ ಮೊಳಕಾಲೂರಿದೆ. ರೈತ ಸೊಂಟಕ್ಕೆ ಕೈಕೊಟ್ಟು ನಮ್ಮಿಬ್ಬರನ್ನೂ ನೋಡಿ, “ನನ್ನ ನೀರಿನ ಗಡಿಗ್ರಿ ಅದು,” ಎಂದ. “ತಣ್ಣಗ ಇರಲೆಂತ ಗಿಡದಾಗ ಹುಗದಿದ್ನಿ. ಮರತೇ ಬಿಟ್ನಿ. ಅದನ್ನ ನೋಡಾಕ ಸರ್ಕಾರ ಇಬ್ಬರನ್ನ ಕಳಸೇತೇನು?”

ಒದ್ದೆ ಗಡಿಗೆಯ ಚೂರುಗಳು ಕಣ್ಣೆದುರಿಗೇ ಇದ್ದವು. ಆದರೂ ಇನ್ನೊಂದು ಸಲ ಕೆದರಿ ನೋಡಿಯೇ ಎದ್ದೆ. ಒಂದು ಸಲದ ಸಂಶಯಕ್ಕೆ ನಾನು ಮೂರು ಮೈಲಿ ಸೈಕಲ್ ತುಳಿಯುತ್ತಿದ್ದೆ. ಅಡಿವೆಪ್ಪ ದಿನಕ್ಕೆ ಹದಿಮೂರು ಸಲ ಅದನ್ನು ಹೊತ್ತು ಗಾಡಿ ಓಡಿಸಿದ್ದ, ಮೇಲೆ ನನ್ನ ಬೈಗುಳವನ್ನೂ ಹೊತ್ತಿದ್ದ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಗಡಿಯಾರ ನೋಡೋಣವೆಂದರೆ ಅದು ನೀಲವ್ವನ ಸೆರಗಿನಲ್ಲಿ ಸಂತೆ ಸೇರಿತ್ತು.

ನಾವು ಮುಟ್ಟಿದಾಗ ಬಸ್ಸು ಹೊರಡುವ ಸಮಯ ಮೀರಿ ಹದಿನಾಲ್ಕು ನಿಮಿಷವಾಗಿತ್ತು. ಅಡಿವೆಪ್ಪ ಎಂಜಿನ್ ಹಚ್ಚಿ ಸೀಟಿನಲ್ಲಿ ಸಿದ್ಧನಾಗಿ ಕೂತಿದ್ದ. ನನ್ನ ಮೊಳಕಾಲಿಗೆ ಅಂಟಿದ್ದ ಕಡಲೆ ಹೊಟ್ಟನ್ನು ನೋಡಿದ. ಯಲ್ಲಪ್ಪನ ಮೊಳಕಾಲನ್ನೂ ನೋಡಿದ.

“ಇಳದು ನೋಡಿ ಬಂದ್ರೇನ್ರಿ ಸಾಹೇಬ್ರ?”

“ಹೌದೋ ಅಡಿವೆಪ್ಪ.”

‘ಗಡಿಗಿ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನು ಕೈ ಎತ್ತಿದ.

“ಏನಿತ್ತಂತ ಹೇಳಬ್ಯಾಡ್ರಿ. ಇಷ್ಟೊತ್ತನಕ ತಡದೇನಿ. ಈಗ ಅಂಜಿಕಿ ಇಳಿಯಾಕತ್ತೈತಿ.”

ಯಲ್ಲಪ್ಪ ಎರಡು ಗಂಟೆ ಬಾರಿಸಿದ. ಬೈಲಹೊಂಗಲ ಮುಟ್ಟಿದ ಮೇಲೆ ಲಾಗ್ ಶೀಟು ಹಿಡಿದು, “ಎಮ್ಮಿ ಬರೀಲೇನ್ರಿ?” ಎಂದು ಕೇಳಿದ. ಪೆನ್ನು ಕಸಿದುಕೊಂಡು ನಾನೇ ಬರೆದೆ: ‘ಕಂಟ್ರೋಲರ್ ಇಳಿದು ನೋಡಲು ಹೋದದ್ದು.’ ಅದಕ್ಕೆ ನನಗೊಂದು ಮೆಮೊ ಬಂತು. ಅಡಿವೆಪ್ಪನ ಮೇಲಿನ ಕಾಗದ ಮಾತ್ರ ಅಲ್ಲಿಗೇ ಮುಗಿಯಿತು. ಅವನು ನಿವೃತ್ತಿಯವರೆಗೂ ಸ್ಟಿಯರಿಂಗ್ ಬಿಡಲಿಲ್ಲ. ಸಂಶಯ ಪೂರ್ತಿ ಹೋಗಲಿಲ್ಲವೆಂದು ಅವನೇ ಹೇಳುತ್ತಿದ್ದ. ಅದು ಬಸ್ಸು ಹತ್ತುತ್ತದೆ, ಆದರೆ ಈಗ ಹಿಂದಿನ ಸೀಟಿನಲ್ಲಿ ಕೂರುತ್ತದೆ ಎನ್ನುತ್ತಿದ್ದ. ಆಮೇಲೆ ನಾನು ಇಪ್ಪತ್ತು ವರ್ಷ ಕೆಲಸ ಮಾಡಿದೆ. ತಡವಾಗಿ ಬಂದವನಿಗೆ ‘ಯಾಕ ತಡ?’ ಎನ್ನುವ ಮೊದಲು ‘ಕುಂದರು, ಏನಾತು ಹೇಳು’ ಎನ್ನಲು ಕಲಿತೆ. ಬೈಯಲಿಲ್ಲವೆಂದಲ್ಲ, ಕೇಳಿಸಿಕೊಂಡ ಮೇಲೆ ಬೈದೆ.

ಆ ದಿನ ಗಾಲಿಗೆ ಸಿಕ್ಕಿದ್ದು ಏನೆಂದು ಅಡಿವೆಪ್ಪ ಇಂದಿನವರೆಗೂ ಕೇಳಿಲ್ಲ. ಮುನವಳ್ಳಿಯಲ್ಲಿ ಮಗಳ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾನೆ. ಇದನ್ನು ಓದಿದವರು ಯಾರಾದರೂ ಅವನನ್ನು ಕಂಡರೆ ನನ್ನ ನಮಸ್ಕಾರ ತಿಳಿಸಿ. ಗಡಿಗೆಯ ಸುದ್ದಿ ಮಾತ್ರ ಹೇಳಬೇಡಿ.