ಕೊನೆಯ ಬಾಟಲಿಯ ಸೀಲು

ಸರಕು ಅಂತ ನೋಡಿದರೆ ನಮ್ಮ ಅಕ್ಕ ಶೋಕೇಸಿನಲ್ಲಿ ಇಡುವಂಥದ್ದಲ್ಲ. ಕುಳ್ಳು, ಹೊಳಪಿಲ್ಲ, ಐವತ್ತಾರು ವರ್ಷದಲ್ಲಿ ಪಾಲಿಶ್ ಒಮ್ಮೆಯೂ ತಾಗಿಲ್ಲ. ಆದರೆ ಕೈಗೆ ತೆಗೆದುಕೊಂಡರೆ ತೂಕ ಗೊತ್ತಾಗುತ್ತದೆ: ಹಳೆಯ ಕಾಲದ ಕಬ್ಬಿಣದ ಬೋಲ್ಟಿನ ಜಾತಿ, ಥ್ರೆಡ್ಡು ಸವೆಯುವುದಿಲ್ಲ. ದೋಷ ಒಂದೇ. ಒಮ್ಮೆ ಬಿಗಿಯಾದಳೆಂದರೆ ಯಾವ ಸ್ಪ್ಯಾನರಿಗೂ ಜಗ್ಗುವುದಿಲ್ಲ.

ನಮ್ಮದು ಹಾರ್ಡ್‌ವೇರ್ ಅಂಗಡಿ. ಕೆಳಗೆ ಮೊಳೆ, ಪೈಪು, ಬಣ್ಣ, ಮೇಲೆ ಮನೆ. ಅಪ್ಪ ಕಟ್ಟಿದ ಅಂಗಡಿಗೆ ಅಪ್ಪನದೇ ಒಂದು ಕಾನೂನು: ಯಾವ ಮಾಲೇ ಆಗಲಿ, ಕೊನೆಯ ಡಬ್ಬಿಯ ಸೀಲು ಒಡೆಯಬಾರದು. ಖಾಲಿ ಶೆಲ್ಫು ಕಂಡ ಗಿರಾಕಿ ಮತ್ತೆ ಬರುವುದಿಲ್ಲ ಎಂದು ಅವರ ನಂಬಿಕೆ. ಒಮ್ಮೆ ಒಬ್ಬ ಬಡಗಿ ಶೆಲ್ಫಿನಲ್ಲಿದ್ದ ಆ ಕೊನೆಯ ಡಬ್ಬಿಗೇ ಬೆರಳು ತೋರಿಸಿದಾಗ ಅಪ್ಪ, “ಅದು ಕೊಡೋಕಲ್ಲಪ್ಪ, ಇರೋಕೆ” ಎಂದು ಕಳಿಸಿದ್ದರು. ಮೂವತ್ತು ವರ್ಷ ಈ ಕಾನೂನು ಕಾಯ್ದವಳು ಅಕ್ಕ. ಸ್ಟಾಕು ಅವಳ ಕೈಯಲ್ಲಿತ್ತು. ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, “ಇನ್‌ಸ್ಪೆಕ್ಟರಮ್ಮ” ಅನ್ನುತ್ತಿದ್ದರು.

ಎಂಬತ್ತಮೂರನೆಯ ವಯಸ್ಸಿಗೆ ಅಪ್ಪನ ಕ್ಯಾನ್ಸರು ಮೂಳೆಗೆ ಇಳಿಯಿತು. ಅದಕ್ಕೂ ಮೊದಲು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮೂಗಿನ ನಳಿಕೆಯನ್ನು ಕಿತ್ತುಕೊಳ್ಳುತ್ತಾರೆಂದು ಅಲ್ಲಿ ಅವರ ಎರಡೂ ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು. ಮನೆಗೆ ಬಂದ ದಿನ ಅಕ್ಕನ ಮಣಿಕಟ್ಟು ಹಿಡಿದು, “ಮತ್ತೆ ನನ್ನ ಅಲ್ಲಿ ಕಟ್ಟಿಸಬೇಡ ಕಣಮ್ಮ” ಎಂದರು. ಅಕ್ಕ ಹೂಂ ಅಂದಳು. ಒಂದಕ್ಷರದ ಆ ಮಾತು ಅವಳನ್ನು ಐದು ತಿಂಗಳು ಒಳಗೆ ಕೂಡಿಹಾಕಿತು.

ಕಾಯಿಲೆಗೆ ಇನ್ನು ಔಷಧಿಯಿಲ್ಲ, ನೋವಿಗೆ ಇದೆ ಎಂದು ಡಾಕ್ಟರು ನಮ್ಮನ್ನು ಹಾಸ್ಪೈಸಿನವರಿಗೆ ಒಪ್ಪಿಸಿದರು. ಅವರು ಮನೆಗೇ ಬಂದು ನೋಡಿಕೊಳ್ಳುತ್ತಾರಂತೆ. ವ್ಯಾಪಾರಿ ಬುದ್ಧಿಗೆ ಅದು ವಾಪಸು ಬಂದ ಮಾಲಿನಂತೆ ಕಂಡಿತು. “ಕೈಬಿಟ್ಟರು ಅಂತ ನೇರವಾಗಿ ಹೇಳೋಕೆ ನಾಚಿಕೆ, ಅದಕ್ಕೆ ಇಂಗ್ಲಿಷಲ್ಲಿ ಹೇಳ್ತಾರೆ” ಎಂದು ನಾನು ಅಂದೆ. ಅಕ್ಕ ನನ್ನ ಮಾತಿಗೆ ಕಿವಿಗೊಡದೆ ಅಪ್ಪನ ಮಂಚವನ್ನು ಕಿಟಕಿಯ ಪಕ್ಕಕ್ಕೆ ತಳ್ಳುತ್ತಿದ್ದಳು.

ಕಿಟಕಿ ಅಂದರೆ ಏನು ಮಹಾ. ಹೊರಗೆ ಒಂದು ಮಾರು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೆ ಒಂದು ಒಳಚರಂಡಿ ಪೈಪು. ಅಪ್ಪ ಚಮಚದಿಂದ ಮಂಚದ ಕಂಬಿ ಬಡಿದರೆ ಅಕ್ಕ ಓಡಬೇಕು. ಸ್ನಾನದ ನಡುವೆ ಸೋಪಿನ ಕೈಯಲ್ಲೇ ನಲ್ಲಿ ನಿಲ್ಲಿಸಿ ಆಲಿಸುವುದು ರೂಢಿಯಾಯಿತು. ಬಾಗಿಲ ಬಳಿಯ ಅವಳ ಚಪ್ಪಲಿಯ ಮೇಲೆ ಧೂಳು ಕೂತಿತು. ಕೆಳಗೆ ಅಂಗಡಿಯಲ್ಲಿ ಶಟರ್ ಎತ್ತುವ ಸದ್ದಿಗೆ ಬೆಳಗು, ಇಳಿಸುವ ಸದ್ದಿಗೆ ಸಂಜೆ. ದಿನಕ್ಕೆ ಎರಡು ಸಲ ಅವಳ ತಮ್ಮ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲೇ ನಿಂತು, “ಹೇಗಿದ್ದಾರೆ?” ಎಂದು ಕೇಳಿ, “ಗಿರಾಕಿ ಇದ್ದಾರೆ” ಎಂದು ಇಳಿದುಬಿಡುತ್ತಿದ್ದ. ಆ ಹೊತ್ತಿನಲ್ಲಿ ಒಬ್ಬ ಗಿರಾಕಿಯೂ ಇರುತ್ತಿರಲಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು, ಕಿಟಕಿಯಿಂದ ಕೌಂಟರಿನ ಸದ್ದೆಲ್ಲ ಕೇಳುತ್ತಿತ್ತು.

ಮಂಗಳವಾರ, ಶುಕ್ರವಾರ ನರ್ಸಮ್ಮ ಬರುತ್ತಿದ್ದರು. ದಪ್ಪ ಹೆಂಗಸು, ಹೆಲ್ಮೆಟ್ಟು ತೆಗೆಯುವ ಮೊದಲೇ ಮಾತು ಶುರು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಒಣಗಿದ ಬಾಯಿಯನ್ನು ಒದ್ದೆ ಹತ್ತಿಯಿಂದ ಒರೆಸುವುದು, ಎಲ್ಲ ಕಲಿಸಿದರು. ಮಾರ್ಫಿನ್ ಸಿರಪ್ಪಿನ ಎರಡು ಬಾಟಲಿ, ಅಳತೆಗೆ ಗುರುತು ಹಾಕಿದ ಒಂದು ಸಿರಿಂಜು ಕೊಟ್ಟು, “ನೋವು ಬರಲಿ ಅಂತ ಕಾಯಬಾರದು. ನಾಲ್ಕು ಗಂಟೆಗೊಂದು ಸಲ, ಗುರುತಿನವರೆಗೆ, ಗಡಿಯಾರ ನೋಡಿ ಕೊಡಿ” ಎಂದರು.

ಆದರೆ ಅಪ್ಪನ ನೋವು ಇಳಿಯಲಿಲ್ಲ. ಹಗಲಿಡೀ ಹಲ್ಲು ಕಚ್ಚಿ, ಗೋಡೆಯ ಪೈಪಿಗೆ ಕಣ್ಣು ನೆಟ್ಟು ಮಲಗಿರುತ್ತಿದ್ದರು. ನರ್ಸಮ್ಮ ಡಾಕ್ಟರನ್ನು ಕೇಳಿ ಅಳತೆ ಹೆಚ್ಚಿಸಿದರು. ಆದರೂ ಅದೇ. ಮೂರನೆಯ ವಾರ ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಹೋದ ವಾರವೇ ಮುಗೀಬೇಕಿತ್ತಲ್ಲ.”

“ಅರ್ಧ ಅರ್ಧ ಕೊಟ್ಟು ಉಳಿಸಿದ್ದೀನಿ” ಎಂದಳು ಅಕ್ಕ. ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. “ಎರಡನೇದು ಇನ್ನೂ ಸೀಲ್ ಒಡೆದಿಲ್ಲ.”

“ಯಾರಿಗೆ ಉಳಿಸ್ತಿದ್ದೀರಿ?”

“ತುಂಬಾ ಜಾಸ್ತಿ ಆದಾಗ ಬೇಕಾಗುತ್ತಲ್ಲ.”

ಮಂಚದಿಂದ ಅಪ್ಪ ತುಟಿ ಆಡಿಸಿದರು. “ನಾನೇ ಹೇಳಿದ್ದು. ಕೊನೇದು ಒಡೀಬೇಡ ಅಂತ.”

ನರ್ಸಮ್ಮ ಹೆಲ್ಮೆಟ್ಟನ್ನು ನೆಲದ ಮೇಲಿಟ್ಟು ಸ್ಟೂಲೆಳೆದು ಕೂತರು. “ನೋಡಿ ಯಜಮಾನ್ರೇ, ನನ್ನ ಬ್ಯಾಗಲ್ಲಿ ಇನ್ನೂ ನಾಲ್ಕು ಬಾಟ್ಲಿ ಇದೆ. ಮುಗಿದ್ರೆ ಮತ್ತೆ ತರ್ತೀನಿ. ನೀವು ಎಂಬತ್ತಮೂರು ವರ್ಷ ವ್ಯಾಪಾರ ಮಾಡಿದ್ದೀರಿ, ನೋವಿಗೆ ಸ್ಟಾಕ್ ಇಡೋ ಅಂಗಡಿ ಎಲ್ಲಾದ್ರೂ ಕಂಡಿದ್ದೀರಾ?”

“ಎಂಬತ್ತಮೂರಲ್ಲ,” ಎಂದರು ಅಪ್ಪ, “ಅರವತ್ತೇಳು. ಮೊದಲ ಹದಿನಾರು ಸ್ಕೂಲಲ್ಲಿ ದಂಡ.”

ಅಕ್ಕ ನಗಲಿಲ್ಲ. ಅವಳ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಮೂರು ವಾರ ಅಪ್ಪ ಹಲ್ಲು ಕಚ್ಚಿದ್ದು ಕಾಯಿಲೆಯಿಂದಲ್ಲ, ತನ್ನ ಕೈಯಳತೆಯಿಂದ. ಅವಳು ಪೂರ್ತಿ ಗುರುತಿನವರೆಗೆ ಎಳೆದು ಕುಡಿಸಿದಳು. ನಾಲ್ಕು ದಿನಕ್ಕೆ ಮೊದಲ ಬಾಟಲಿ ಮುಗಿಯಿತು. ಎರಡನೆಯದರ ಸೀಲನ್ನು ಹಲ್ಲಿನಿಂದ ಕಚ್ಚಿ ಒಡೆದಳು. ಕತ್ತರಿ ಎದುರಿಗೇ ಇತ್ತು. ಅಪ್ಪ ಕಣ್ಣು ಮುಚ್ಚಿ ಆ ಸದ್ದು ಕೇಳಿಸಿಕೊಂಡರು.

ಆಮೇಲೆ ಅವರು ನಿದ್ದೆ ಹೋದರು. ಎದ್ದಾಗ ಹಾಲು ಕೇಳಿದರು. ಪೈಪು ಕೂರಿಸಿದ ಪ್ಲಂಬರನ್ನು ಬೈದರು, ಮೂರು ಕ್ಲಾಂಪು ಬೇಕಾದಲ್ಲಿ ಎರಡೇ ಹಾಕಿದ್ದಾನೆ ಕಳ್ಳ ಎಂದು. ಆ ಬೈಗುಳಕ್ಕೆ ಅಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳಂತೆ.

ಅಕ್ಕನಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. ನರ್ಸಮ್ಮ ಒಂದು ದಿನ ಸ್ವಯಂಸೇವಕಿಯೊಬ್ಬಳನ್ನು ಕರೆತಂದು ಕೂರಿಸಿ, “ಎರಡು ಗಂಟೆ ನೀವು ಹೊರಗೆ ಹೋಗಿ” ಎಂದು ಅಕ್ಕನನ್ನು ದಬ್ಬಿದರು. ಅಕ್ಕ ಧೂಳಿನ ಚಪ್ಪಲಿ ಮೆಟ್ಟಿ ಬೀದಿಯ ತಿರುವಿನವರೆಗೆ ಹೋದಳು. ಬಸ್ಸುಗಳು ಬಂದವು, ಹೋದವು. ಎಲ್ಲಿಗೆ ಅಂತ ಹತ್ತುವುದು? ಎಲ್ಲೋ ಚಮಚ ಬಡಿದಂತಾಯಿತು. ಇಪ್ಪತ್ತು ನಿಮಿಷಕ್ಕೆ ವಾಪಸು.

“ಇದೇನ್ರೀ, ಇಷ್ಟು ಬೇಗ?”

“ನೋಡಿದ್ದಾಯ್ತು” ಎಂದಳು ಅಕ್ಕ.

ಮುಂದೆ ಏನಾಗುತ್ತದೆ ಎಂಬುದನ್ನೂ ನರ್ಸಮ್ಮ ಮುಚ್ಚಿಡಲಿಲ್ಲ. ಊಟ ಬಿಡುತ್ತಾರೆ, ಒತ್ತಾಯ ಬೇಡ. ಪಾದ ತಣ್ಣಗಾಗುತ್ತದೆ. ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. “ಕೇಳೋರಿಗೆ ಕಷ್ಟ. ಅವರಿಗೆ ಅಷ್ಟು ಗೊತ್ತಾಗಲ್ಲ. ಗಾಬರಿಯಾದ್ರೆ ಆಂಬುಲೆನ್ಸಿಗಲ್ಲ, ನನಗೆ ಫೋನ್ ಮಾಡಿ.” ಅಕ್ಕ ಇದನ್ನೆಲ್ಲ ಹೊಸ್ತಿಲಲ್ಲಿ ನಿಂತ ತಮ್ಮನಿಗೂ ಹೇಳಿದಳು. ಅವನು ತಲೆಯಾಡಿಸಿದ, ಗಿರಾಕಿ ಇದ್ದಾರೆ ಎಂದ.

ಬುಧವಾರ ಮಧ್ಯಾಹ್ನ ಆ ಸದ್ದು ಶುರುವಾಯಿತು. ಗಿರಾಕಿಯ ನೆಪ ಹೇಳುತ್ತಿದ್ದ ಆ ತಮ್ಮ ನಾನೇ; ಮೇಲೆ ಹತ್ತಿದವನು ಅದನ್ನು ಕೇಳಿ ಬೆವರಿಬಿಟ್ಟೆ. ಅಪ್ಪ ಮುಳುಗುತ್ತಿದ್ದಾರೆ, ನಾವು ನೋಡುತ್ತ ನಿಂತಿದ್ದೇವೆ ಅನ್ನಿಸಿತು. ಫೋನು ತೆಗೆದು ಆಂಬುಲೆನ್ಸಿನ ನಂಬರು ಒತ್ತಿದೆ.

“ಇಡು ಅದನ್ನ” ಎಂದಳು ಅಕ್ಕ.

“ಉಸಿರು ಸಿಗ್ತಿಲ್ಲ ಕಣೇ. ಹೀಗೇ ಬಿಟ್ಟುಬಿಡೋದಾ?”

“ಬಿಡ್ತಿಲ್ಲ. ಇಲ್ಲೇ ಇದ್ದೀನಲ್ಲ.”

“ನಿನಗೆ ಸಾಕಾಗಿದೆ, ಅದಕ್ಕೇ—”

ಆ ಮಾತು ಪೂರ್ತಿಯಾಗುವ ಮೊದಲೇ ಫೋನು ಅವಳ ಕೈಯಲ್ಲಿತ್ತು. ಕುಳ್ಳಿ, ಹೇಗೆ ಕಿತ್ತುಕೊಂಡಳೋ. “ಹೌದು ಕಣೋ, ಸಾಕಾಗಿದೆ. ಐದು ತಿಂಗಳಿಂದ ಸಾಕಾಗಿದೆ. ಸಾಕಾದವಳೇ ಹೇಳ್ತಿದ್ದೀನಿ, ಇವರನ್ನ ಎತ್ಕೊಂಡು ಹೋಗೋಕೆ ಬಿಡಲ್ಲ. ಕೂತ್ಕೋ, ಆ ಕಡೆ ಕೈ ಹಿಡ್ಕೋ.”

ನರ್ಸಮ್ಮನಿಗೆ ಫೋನು ಮಾಡಿದಳು. ಅವರು ಹೇಳಿದಂತೆ ಅಪ್ಪನನ್ನು ಮಗ್ಗುಲಿಗೆ ತಿರುಗಿಸಿ ತಲೆದಿಂಬು ಎತ್ತರಿಸಿದಳು. ಗೊರಗೊರ ಕಡಿಮೆಯಾಯಿತು. ಅಪ್ಪನ ಕೈ ಸಡಿಲವಾಗಿತ್ತು, ಯಾವುದಕ್ಕೂ ಕಟ್ಟಿರಲಿಲ್ಲ. ಉಸಿರಿನ ನಡುವಿನ ಬಿಡುವು ಉದ್ದವಾಗುತ್ತ ಹೋಗಿ, ನಾಲ್ಕು ಗಂಟೆಯ ಸುಮಾರಿಗೆ ಮುಂದಿನ ಉಸಿರು ಬರಲಿಲ್ಲ. ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

ಅಕ್ಕ ಈಗಲೂ ಮೇಲೆಯೇ ಇರುತ್ತಾಳೆ. ಸ್ನಾನದ ನಡುವೆ ಈಗಲೂ ನಲ್ಲಿ ನಿಲ್ಲಿಸಿ ಆಲಿಸುತ್ತಾಳೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅಪ್ಪ ನೋವಿಲ್ಲದೆ, ತಮ್ಮದೇ ಮಂಚದಲ್ಲಿ ಹೋದದ್ದು ಅವಳಿಂದ. ನಾನು ಅವರ ಕೈ ಹಿಡಿದು ಕೂತದ್ದೂ ಅವಳಿಂದಲೇ. ಆ ಮಧ್ಯಾಹ್ನ ಆಡಿದ ಮಾತಿಗೆ ನಾನು ಅವಳಲ್ಲಿ ಕ್ಷಮೆ ಕೇಳಬೇಕು, ಇನ್ನೂ ಕೇಳಿಲ್ಲ.